‘ಕಳ್ಳ ಕಂಪನಿ’ ಎನ್ನದೆ ಊರವರನ್ನು ಎಚ್ಚರಿಸುವುದು ಹೇಗೆ?

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಹಳ್ಳಿ. ಆರು ತಿಂಗಳ ಹಿಂದೆ ನೀರು ಶುದ್ಧ ಮಾಡುವ ಮೆಷಿನ್ ಮಾರುವ ಹುಡುಗರು ಮನೆಮನೆಗೆ ಬಂದರು. ‘ಉಚಿತ ನೀರಿನ ಪರೀಕ್ಷೆ’ ಎಂದು ಗುಡ್ಡ ಕೊರೆದು ನೀರು ತೆಗೆಯುವ ನಮ್ಮ ಸುರಂಗದ ನೀರಿಗೆ ಕರೆಂಟಿನ ಕಡ್ಡಿ ಇಳಿಸಿದರು. ನೀರು ಕಂದು ಬಣ್ಣಕ್ಕೆ ತಿರುಗಿತು. ಅವರ ಮೆಷಿನಿನ ನೀರು ಮಾತ್ರ ಹಾಗೇ ಇತ್ತು. ‘ಮಕ್ಕಳಿಗೆ ಇದನ್ನೇ ಕುಡಿಸ್ತಿದ್ದೀರಾ’ ಎಂದರು. ಹೆದರಿ ಎಂಟು ಮನೆಯವರು ತಲಾ 18,500 ರೂಪಾಯಿ ಕೊಟ್ಟು ಅವರ ಆರ್‌ಒ ಮೆಷಿನ್ ಹಾಕಿಸಿಕೊಂಡೆವು. ಬಿಲ್ ಇಲ್ಲ, ಒಂದು ಚೀಟಿ ಮಾತ್ರ. ಎರಡೇ ತಿಂಗಳಲ್ಲಿ ಮೂರು ಮೆಷಿನ್ ಕೆಟ್ಟವು. ಈಗ ಫೋನ್ ಎತ್ತುವುದಿಲ್ಲ. ಆಫೀಸು ಮಂಗಳೂರಿನಲ್ಲಿದೆ. ನಾನು ಊರಿನ ವಾಟ್ಸಾಪ್ ಗುಂಪಿನಲ್ಲಿ ‘ಕಳ್ಳ ಕಂಪನಿ, ಯಾರೂ ಮೋಸ ಹೋಗಬೇಡಿ’ ಎಂದು ಮಾಲೀಕರ ಫೋಟೋ ಸಹಿತ ಹಾಕಿದೆ. ಅದು ಎಲ್ಲೆಲ್ಲೋ ಹೋಯಿತು. ಈಗ ವಕೀಲರ ನೋಟಿಸು ಬಂದಿದೆ: 7 ದಿನದಲ್ಲಿ ಅಳಿಸಿ ಕ್ಷಮೆ ಕೇಳಬೇಕಂತೆ, ಇಲ್ಲವಾದರೆ 10 ಲಕ್ಷ ಪರಿಹಾರವಂತೆ. ಊರವರನ್ನು ಎಚ್ಚರಿಸುವುದೇ ತಪ್ಪಾ? ಪೇಟೆಯಲ್ಲಿ ಒಂದು ಫ್ಲೆಕ್ಸ್ ಹಾಕಬೇಕೆಂದೂ ಇದ್ದೇವೆ. ಕೆಟ್ಟ ಮೆಷಿನ್‌ಗಳನ್ನು ಗೋಡೆಯಿಂದ ಬಿಚ್ಚಿ ಅವರ ಆಫೀಸಿನ ಎದುರು ಇಟ್ಟು ಬರೋಣ ಎಂದು ಹುಡುಗರು ಹೇಳುತ್ತಿದ್ದಾರೆ.

ಉತ್ತರ: ಎಚ್ಚರಿಸುವುದು ತಪ್ಪಲ್ಲ. ನೀವು ಎಚ್ಚರಿಸಿದ ರೀತಿ ಮಾತ್ರ ಅವರ ಕೈಗೇ ಒಂದು ಕೋಲು ಕೊಟ್ಟಿದೆ. ಮೊದಲು ಆ ಕೋಲನ್ನು ವಾಪಸ್ ತೆಗೆದುಕೊಳ್ಳೋಣ.

ನೋಟಿಸು ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ. ವಕೀಲರ ನೋಟಿಸು ಕೋರ್ಟಿನ ಆದೇಶವಲ್ಲ. ಅದರಲ್ಲಿ 10 ಲಕ್ಷ ಎಂದು ಬರೆಯಲು ಖರ್ಚಿಲ್ಲ, 1 ಕೋಟಿ ಎಂದೂ ಬರೆಯಬಹುದಿತ್ತು. ಅಷ್ಟಕ್ಕೆ ನಿಜವಾಗಿ ದಾವೆ ಹೂಡುವಾಗ ಕೋರ್ಟ್ ಫೀ ಕಟ್ಟಬೇಕು. ತಮ್ಮ ಮೆಷಿನ್, ತಮ್ಮ ಬಿಲ್, ತಮ್ಮ ಕಡ್ಡಿ ಪರೀಕ್ಷೆ ಎಲ್ಲದರ ಬಗ್ಗೆ ಅಡ್ಡ ಸವಾಲಿಗೂ ನಿಲ್ಲಬೇಕು. ಇಂಥ ನೋಟಿಸುಗಳಲ್ಲಿ ಹೆಚ್ಚಿನವು ಬಾಯಿ ಮುಚ್ಚಿಸಲು ಬರುವಂಥವು. ಹಾಗೆಂದು ಕಸದ ಬುಟ್ಟಿಗೆ ಹಾಕಬೇಡಿ. ಅವಧಿಯೊಳಗೆ ವಕೀಲರ ಮೂಲಕ ಒಂದು ಪುಟದ ತಣ್ಣಗಿನ ಉತ್ತರ ಹೋಗಬೇಕು. ವಕೀಲರಿಗೆ ಹಣ ಹೊಂದಿಸುವುದು ಕಷ್ಟವಾದರೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಹೆಂಗಸರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಎಂಟು ಮನೆಗಳಲ್ಲಿ ಒಂದು ಚೀಟಿಯಾದರೂ ಹೆಂಗಸರ ಹೆಸರಿನಲ್ಲಿ ಇರಬಹುದು, ನೋಡಿ.

ಮಾನನಷ್ಟಕ್ಕೆ ಎರಡು ದಾರಿಗಳಿವೆ. ಒಂದು ಸಿವಿಲ್, ಅಂದರೆ ಪರಿಹಾರದ ದಾವೆ. ಇನ್ನೊಂದು ಕ್ರಿಮಿನಲ್. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಅದಕ್ಕೆ ಸಂಬಂಧಿಸಿದ್ದು. ಹಳೆಯ ಐಪಿಸಿಯ, ಅಂದರೆ ಭಾರತೀಯ ದಂಡ ಸಂಹಿತೆಯ, 499 ಮತ್ತು 500 ಈಗ ಇಲ್ಲಿ ಸೇರಿವೆ. ಶಿಕ್ಷೆ ಎರಡು ವರ್ಷದವರೆಗಿನ ಸಾದಾ ಸಜೆ, ದಂಡ, ಅಥವಾ ಎರಡೂ. ಸಮುದಾಯ ಸೇವೆ ಎಂಬ ಹೊಸ ಶಿಕ್ಷೆಯೂ ಸೇರಿದೆ. ಕಂಪನಿಗೂ ಮಾನ ಇದೆ ಎಂದು ಅದೇ ಸೆಕ್ಷನ್ನಿನ ವಿವರಣೆ ಹೇಳುತ್ತದೆ. ‘ಕಂಪನಿಗೆ ಎಂತ ಮಾನ’ ಎಂದು ನಗಾಡುವ ಹಾಗಿಲ್ಲ. ಆದರೆ ಇದು ಪೊಲೀಸರು ತಾವಾಗಿ ಕೇಸು ಹಾಕಿ ನಿಮ್ಮನ್ನು ಎಳೆದುಕೊಂಡು ಹೋಗುವ ಅಪರಾಧವಲ್ಲ. ಅವರು ಮ್ಯಾಜಿಸ್ಟ್ರೇಟರ ಎದುರು ಖಾಸಗಿ ದೂರು ಕೊಡಬೇಕು. ಹೊಸ ಕಾನೂನಿನ ಪ್ರಕಾರ, ಆ ದೂರನ್ನು ವಿಚಾರಣೆಗೆ ಎತ್ತಿಕೊಳ್ಳುವ ಮೊದಲೇ ನಿಮ್ಮ ಮಾತನ್ನೂ ಕೇಳಬೇಕು.

ನಿಮಗೆ ಬಲ ಕೊಡುವುದು ಅದೇ ಸೆಕ್ಷನ್ನಿನಲ್ಲಿರುವ ವಿನಾಯಿತಿಗಳು. ಒಟ್ಟು ಹತ್ತು ಇವೆ, ನಿಮಗೆ ನಾಲ್ಕು ಸಾಕು. ಹೇಳಿದ್ದು ನಿಜವಾಗಿದ್ದು, ಸಾರ್ವಜನಿಕರ ಒಳ್ಳೆಯದಕ್ಕೆ ಹೇಳಿದ್ದರೆ ಅದು ಮಾನನಷ್ಟವಲ್ಲ. ದೂರು ಕೇಳುವ ಅಧಿಕಾರ ಇರುವವರ ಬಳಿ ಸದ್ಭಾವನೆಯಿಂದ ದೂರು ಕೊಟ್ಟರೆ ಅಲ್ಲ. ತನ್ನ ಅಥವಾ ಇನ್ನೊಬ್ಬರ ಹಿತ ಕಾಯಲು ಸದ್ಭಾವನೆಯಿಂದ ಹೇಳಿದರೆ ಅಲ್ಲ. ಕೊನೆಯದಂತೂ ನಿಮ್ಮ ಪ್ರಶ್ನೆಗೇ ಬರೆದ ಹಾಗಿದೆ: ಕೇಳುವವರ ಅಥವಾ ಸಾರ್ವಜನಿಕರ ಒಳ್ಳೆಯದಕ್ಕೆಂದು ಸದ್ಭಾವನೆಯಿಂದ ಕೊಟ್ಟ ಎಚ್ಚರಿಕೆ ಮಾನನಷ್ಟವಲ್ಲ.

ಆದರೆ ‘ಸದ್ಭಾವನೆ’ ಎಂದರೆ ಒಳ್ಳೆಯ ಮನಸ್ಸು ಎಂದಷ್ಟೇ ತಿಳಿಯಬೇಡಿ. ಕಾನೂನಿನಲ್ಲಿ ಅದಕ್ಕೆ ಬೇರೆ ಅರ್ಥ ಇದೆ. ಸಾಕಷ್ಟು ಎಚ್ಚರ, ಗಮನ ಇಲ್ಲದೆ ಮಾಡಿದ್ದು ಸದ್ಭಾವನೆಯಲ್ಲ. ಅಂದರೆ ಹೇಳುವ ಮೊದಲು ವಿಚಾರಿಸಿದಿರಾ, ಕಾಗದ ನೋಡಿದಿರಾ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬಿಟ್ಟಿರಾ ಎಂಬ ಲೆಕ್ಕ. ‘ಕಳ್ಳ ಕಂಪನಿ’ ಎಂಬ ಎರಡು ಶಬ್ದ ಈ ಲೆಕ್ಕದಲ್ಲಿ ನಪಾಸು. ಕಳ್ಳತನ ಎನ್ನುವುದು ಅಪರಾಧದ ಹೆಸರು. ಅದನ್ನು ಸಾಬೀತು ಮಾಡುವ ಹೊಣೆ ಈಗ ನಿಮ್ಮ ತಲೆ ಮೇಲೆ. ಮೆಷಿನ್ ಕೆಟ್ಟದ್ದನ್ನು ನೀವು ಸಾಬೀತು ಮಾಡಬಲ್ಲಿರಿ, ಬಿಲ್ ಕೊಡದ್ದನ್ನೂ ಮಾಡಬಲ್ಲಿರಿ. ಮಾಲೀಕರ ಮನಸ್ಸಿನಲ್ಲಿ ಮೊದಲ ದಿನದಿಂದಲೇ ಮೋಸದ ಉದ್ದೇಶ ಇತ್ತು ಎಂದು ಹೇಗೆ ಸಾಬೀತು ಮಾಡುತ್ತೀರಿ?

ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಒಂದೇ. ನಿಮಗೆ ಆದದ್ದನ್ನು ಹೇಳಿ. ಅವರು ಎಂಥವರು ಎಂಬ ತೀರ್ಪನ್ನು ಓದುವವರಿಗೆ ಬಿಡಿ. ನಮ್ಮ ಕಡೆಯವರಿಗೆ ಆ ತೀರ್ಪಿಗೆ ಬರಲು ಯಾರ ಸಹಾಯವೂ ಬೇಡ, ಅಲ್ವಾ?

ಆ ಕಡ್ಡಿ ಪರೀಕ್ಷೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ನಿಮ್ಮ ಎಚ್ಚರಿಕೆಯ ತಿರುಳೇ ಅದು. ಆ ಉಪಕರಣದಲ್ಲಿ ಸಾಮಾನ್ಯವಾಗಿ ಒಂದು ಕಬ್ಬಿಣದ ಕಡ್ಡಿ, ಒಂದು ಅಲ್ಯೂಮಿನಿಯಂ ಕಡ್ಡಿ ಇರುತ್ತವೆ. ನೀರಿನಲ್ಲಿ ಕರಗಿದ ಲವಣ ಇದ್ದರೆ ಕರೆಂಟು ಹರಿಯುತ್ತದೆ. ಕರೆಂಟು ಹರಿದರೆ ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಾಗಿ ಗ್ಲಾಸಿನಲ್ಲಿ ತೇಲುತ್ತದೆ. ನೀವು ಕಂಡ ಕಂದು ಕೊಳೆ ಕಡ್ಡಿಯದ್ದು, ಸುರಂಗದ್ದಲ್ಲ. ಆರ್‌ಒ ನೀರಿನಲ್ಲಿ ಲವಣ ಬಹಳ ಕಡಿಮೆ. ಕರೆಂಟು ಅಷ್ಟಾಗಿ ಹರಿಯುವುದಿಲ್ಲ, ಬಣ್ಣವೂ ಬರುವುದಿಲ್ಲ. ಅದೇ ‘ಶುದ್ಧ’ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಅದೇ ಕಡ್ಡಿ ಇಳಿಸಿದರೆ ಅದೂ ಕಂದಾಗುತ್ತದೆ. ಇದನ್ನು ಮನೆಯಲ್ಲಿ ನೀವೇ ಮಾಡಲು ಹೋಗಬೇಡಿ. ಮನೆಯ ಕರೆಂಟು, ನೀರು, ಒದ್ದೆ ಕೈ ಒಟ್ಟಿಗೆ ಸೇರುವ ಕೆಲಸ ಅದು. ಶಾಲೆಯ ಕೆಮಿಸ್ಟ್ರಿ ಟೀಚರ್ ಒಬ್ಬರನ್ನು ಕೇಳಿದರೆ ಲ್ಯಾಬಿನಲ್ಲಿ ಬ್ಯಾಟರಿ ಇಟ್ಟು ತೋರಿಸಿಯಾರು.

ನಮ್ಮ ಮುರಕಲ್ಲಿನ ಗುಡ್ಡದ ನೀರಿನಲ್ಲಿ ಸಾಮಾನ್ಯವಾಗಿ ಕರಗಿದ ಲವಣ ಕಡಿಮೆಯೇ. ಟಿಡಿಎಸ್ ಎಂದು ಅವರು ಹೆದರಿಸುವುದು ಇದೇ ಲವಣದ ಅಳತೆಯನ್ನು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 500 ಮಿಲಿಗ್ರಾಂ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ಬಳಕೆಯನ್ನು ನಿರ್ಬಂಧಿಸಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ ಸರ್ಕಾರಕ್ಕೆ ಹೇಳಿತ್ತು. ನೀರು ಪೋಲಾಗುತ್ತದೆ ಎನ್ನುವುದು ಒಂದು ಮುಖ್ಯ ಕಾರಣ. ಏಪ್ರಿಲ್‌ನಲ್ಲಿ ಸುರಂಗದಿಂದ ನೀರು ಬೆರಳಿನಷ್ಟು ದಪ್ಪ ಬರುವಾಗ, ಅದರಲ್ಲೂ ಒಂದು ಪಾಲನ್ನು ಪೈಪಿನಲ್ಲಿ ಹೊರಗೆ ಬಿಡುವ ಮೆಷಿನ್ ನಿಮ್ಮ ಅಡುಗೆಮನೆಯಲ್ಲಿದೆ ಎಂದರೆ ನನಗೇ ಸಂಕಟವಾಗುತ್ತದೆ.

ಆದರೂ ‘ನಮ್ಮ ನೀರು ಅಪ್ಪಟ ಶುದ್ಧ, ಮೆಷಿನ್ ಬೇಡವೇ ಬೇಡ’ ಎಂದು ಬರೆಯಬೇಡಿ. ತೆರೆದ ಬಾವಿ, ಸುರಂಗದ ನೀರಿನಲ್ಲಿ ಬ್ಯಾಕ್ಟೀರಿಯಾ ಇರಬಹುದು. ಅದನ್ನು ಈ ಕಡ್ಡಿಯೂ ತೋರಿಸುವುದಿಲ್ಲ, ಟಿಡಿಎಸ್ ಮೀಟರೂ ತೋರಿಸುವುದಿಲ್ಲ. ಕೇರಳ ಜಲ ಪ್ರಾಧಿಕಾರದ ಪ್ರಯೋಗಾಲಯದಲ್ಲಿ ಶುಲ್ಕ ಕಟ್ಟಿ ನೀರು ಪರೀಕ್ಷೆ ಮಾಡಿಸಿ, ವರದಿ ಕೈಗೆ ಬರಲಿ. ಆಮೇಲೆ ವರದಿಯಲ್ಲಿರುವ ಅಂಕಿಯನ್ನು ಹೇಳಿ, ಅಷ್ಟೇ.

ಈಗ ಹಳೆಯ ಪೋಸ್ಟ್. ಅದನ್ನು ತೆಗೆಯಿರಿ. ತೆಗೆದರೆ ತಪ್ಪು ಒಪ್ಪಿಕೊಂಡ ಹಾಗಾಗುವುದಿಲ್ಲ. ನೋಟಿಸಿನ ಉತ್ತರದಲ್ಲಿ ‘ಏನನ್ನೂ ಒಪ್ಪಿಕೊಳ್ಳದೆ ಹಿಂತೆಗೆದುಕೊಂಡಿದ್ದೇನೆ’ ಎಂದು ನಿಮ್ಮ ವಕೀಲರು ಸೇರಿಸುತ್ತಾರೆ. ತೆಗೆಯುವ ಮೊದಲು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನೀವು ನಿಜವಾಗಿ ಏನು ಬರೆದಿದ್ದಿರಿ ಎನ್ನುವುದಕ್ಕೆ ನಾಳೆ ಅದೇ ಸಾಕ್ಷಿ. ಮಾಲೀಕರ ಫೋಟೋ ಮತ್ತೆ ಬೇಡ. ಮನೆಗೆ ಬಂದ ಹುಡುಗರ ಫೋಟೋ ಅಂತೂ ಬೇಡವೇ ಬೇಡ. ಅವರು ಬದಿಯಡ್ಕದವರೋ ವಿಟ್ಲದವರೋ, ಕಮಿಷನ್ನಿಗೆ ಬಿಸಿಲಲ್ಲಿ ಅಲೆಯುವ ಮಕ್ಕಳು. ಮುಂದಿನ ಸಲ ಬಂದರೆ ಅಂಗಳದಲ್ಲಿ ತಡೆದು ನಿಲ್ಲಿಸಿ ಐಡಿ ಕಿತ್ತುಕೊಳ್ಳುವುದೂ ಬೇಡ. ಅಕ್ರಮವಾಗಿ ತಡೆದರು ಎಂದು ನಿಮ್ಮ ಮೇಲೆಯೇ ಕೇಸು ಬಿದ್ದೀತು.

ಹೊಸದಾಗಿ ಬರೆಯುವುದಾದರೆ ಹೀಗೆ ಬರೆಯಬಹುದು:

‘ಇಂಥ ತಾರೀಕಿಗೆ ಇಂಥ ಕಂಪನಿಯ ಪ್ರತಿನಿಧಿಗಳು ನಮ್ಮ ಮನೆಗೆ ಬಂದಿದ್ದರು. ವಿದ್ಯುತ್ ಕಡ್ಡಿ ಇಳಿಸಿ ನೀರು ಕಂದಾದದ್ದನ್ನು ತೋರಿಸಿ, ನೀರು ಕುಡಿಯಲು ಯೋಗ್ಯವಲ್ಲ ಎಂದರು. ನಾನು 18,500 ರೂಪಾಯಿ ಕೊಟ್ಟೆ. ಬಿಲ್ ಕೇಳಿದೆ, ಇಲ್ಲಿಯವರೆಗೆ ಸಿಕ್ಕಿಲ್ಲ. ಎರಡು ತಿಂಗಳಿಗೆ ಮೆಷಿನ್ ನಿಂತಿತು. ಇಂತಿಂಥ ದಿನ ಫೋನ್ ಮಾಡಿದೆ, ಪತ್ರ ಬರೆದೆ, ಉತ್ತರ ಬಂದಿಲ್ಲ. ಪ್ರಯೋಗಾಲಯದ ವರದಿಯಲ್ಲಿ ನಮ್ಮ ನೀರಿನ ಟಿಡಿಎಸ್ ಇಷ್ಟಿದೆ. ಇಂಥ ಕಡ್ಡಿ ಪರೀಕ್ಷೆಯಲ್ಲಿ ಬಣ್ಣ ಬರುವುದು ಕಡ್ಡಿಯ ಕಬ್ಬಿಣದಿಂದ. ನಾನು ದೂರು ಕೊಟ್ಟಿದ್ದೇನೆ. ಕೊಳ್ಳುವ ಮೊದಲು ಬಿಲ್ ಕೇಳಿ, ನೀರನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಕಂಪನಿ ಉತ್ತರ ಕೊಟ್ಟರೆ ಅದನ್ನೂ ಇಲ್ಲೇ ಹಾಕುತ್ತೇನೆ.’

ಒಂದೇ ಒಂದು ಬೈಗುಳ ಇಲ್ಲ. ಆದರೆ ಇದನ್ನು ಓದಿದ ಯಾರಾದರೂ ಆ ಮೆಷಿನ್ ಕೊಂಡಾರಾ? ಕೊನೆಯ ವಾಕ್ಯವನ್ನು ಸುಮ್ನೆ ಸೇರಿಸಿದ್ದಲ್ಲ. ಎದುರಿನವರಿಗೂ ಮಾತಾಡಲು ಜಾಗ ಕೊಟ್ಟಿರಿ ಎನ್ನುವುದು ನಿಮ್ಮ ಸದ್ಭಾವನೆಗೆ ಸಾಕ್ಷಿ. ಎಂಟು ಮನೆಯವರೂ ತಮ್ಮ ತಮ್ಮ ಅನುಭವವನ್ನು ತಾವೇ ಬರೆಯಲಿ. ಪಕ್ಕದ ಮನೆಯವರಿಗೆ ಆದದ್ದನ್ನು ನೀವು ಬರೆದರೆ ಅದು ಕೇಳಿದ ಮಾತು. ‘ನೂರಾರು ಜನರಿಗೆ ಮೋಸ’ ಎಂದು ಬರೆಯಲೇಬೇಡಿ. ನಿಮಗೆ ಗೊತ್ತಿರುವುದು ಎಂಟು ಮನೆ.

ನಮ್ಮ ಜಿಲ್ಲೆಗೆ ಒಂದು ವಿಶೇಷ ಅಪಾಯ ಉಂಟು. ಕನ್ನಡದಲ್ಲಿ ನೀವು ಜಾಗ್ರತೆಯಾಗಿ ‘ನಮಗೆ ತೃಪ್ತಿಯಾಗಲಿಲ್ಲ’ ಎಂದು ಬರೆದಿರುತ್ತೀರಿ. ಯಾರೋ ಪುಣ್ಯಾತ್ಮ ಅದನ್ನು ಮಲಯಾಳಕ್ಕೆ ಮಾಡುವಾಗ ಮೇಲೆ ‘ತಟ್ಟಿಪ್ಪ್’, ಅಂದರೆ ಮೋಸ, ಎಂದು ತಲೆಬರಹ ಕೊಟ್ಟುಬಿಡುತ್ತಾನೆ. ಅಲ್ಲಿಗೆ ನಿಮ್ಮ ಎಲ್ಲ ಜಾಗ್ರತೆಯೂ ನೀರುಪಾಲು. ಹಾಗಾಗಿ ಎರಡೂ ಭಾಷೆಯಲ್ಲಿ ನೀವೇ ಬರೆದು, ಎರಡನ್ನೂ ಒಬ್ಬರೇ ತಿಳಿದವರಿಂದ ಓದಿಸಿ, ಒಟ್ಟಿಗೆ ಹಾಕಿ. ಫಾರ್ವರ್ಡ್ ಮಾಡುವವರಿಗೂ ಒಂದು ಮಾತು. ಮಾನನಷ್ಟದ ಪೋಸ್ಟನ್ನು ಮರುಹಂಚುವುದೂ ಮಾನನಷ್ಟವೇ ಎಂದು ದೆಹಲಿ ಹೈಕೋರ್ಟ್ 2024ರಲ್ಲಿ ಹೇಳಿದೆ. ಗುಂಪಿನ ಅಡ್ಮಿನ್ ಹೆದರಿದ್ದರೆ ಸಮಾಧಾನ ಹೇಳಿ. ಸದಸ್ಯರು ಹಾಕಿದ ಪೋಸ್ಟಿಗೆ ಅಡ್ಮಿನ್ ಆದ ಮಾತ್ರಕ್ಕೆ ಹೊಣೆಯಲ್ಲ ಎಂದು 2022ರಲ್ಲಿ ಕೇರಳ ಹೈಕೋರ್ಟೇ ತೀರ್ಪು ಕೊಟ್ಟಿದೆ.

ಫ್ಲೆಕ್ಸ್ ಬೇಡ. ಪಿವಿಸಿ ಫ್ಲೆಕ್ಸಿಗೆ ಕೇರಳದಲ್ಲಿ 2019ರಿಂದ ನಿಷೇಧ ಇದೆ. ರಸ್ತೆ ಬದಿಯಲ್ಲಿ ಬೋರ್ಡ್ ಇಡುವುದಕ್ಕೆ ಪಂಚಾಯತಿ ಅನುಮತಿ ಬೇಕು. ಫ್ಲೆಕ್ಸಿನಲ್ಲಿ ನಾಲ್ಕು ಶಬ್ದಕ್ಕಿಂತ ಹೆಚ್ಚು ಹಿಡಿಸುವುದೂ ಇಲ್ಲ. ನಾಲ್ಕೇ ಶಬ್ದ ಎಂದರೆ ಬರುವುದು ಬೈಗುಳವೇ. ಅದರ ಬದಲು ಗ್ರಾಮಸಭೆಯಲ್ಲಿ ವಿಷಯ ಎತ್ತಿ. ಹೆಂಗಸರ ಕುಟುಂಬಶ್ರೀ ಸ್ವಸಹಾಯ ಕೂಟದಲ್ಲಿ, ಹಾಲಿನ ಸೊಸೈಟಿಯಲ್ಲಿ ಆ ಕಡ್ಡಿಯ ಗುಟ್ಟನ್ನು ವಿವರಿಸಿ. ಕಂಪನಿಯ ಹೆಸರೇ ಹೇಳಬೇಕಾಗಿಲ್ಲ. ‘ಇಂಥ ಕಡ್ಡಿ ಹಿಡಿದು ಬಂದರೆ ಹೀಗೆ ಕೇಳಿ’ ಎಂದರೆ ಈ ಕಂಪನಿಯಿಂದಲೂ ರಕ್ಷಣೆ, ನಾಳೆ ಬೇರೆ ಹೆಸರಿನಲ್ಲಿ ಬರುವವರಿಂದಲೂ ರಕ್ಷಣೆ. ನನಗೆ ಕೇಳಿದರೆ ಅತ್ಯಂತ ಗಟ್ಟಿ ಎಚ್ಚರಿಕೆ ಇದೇ. ಕಡ್ಡಿಯ ಮೇಲೆ ಮಾನನಷ್ಟ ಮಾಡಲು ಯಾರಿಗೂ ಆಗುವುದಿಲ್ಲ!

ಎಲ್ಲಕ್ಕಿಂತ ಮೊದಲು ದೂರು ಕೊಡಿ, ಪೋಸ್ಟ್ ಆಮೇಲೆ ಹಾಕಿ. ಬೇಕಾಗಿಲ್ಲದ ಸಾಮಾನನ್ನು ಬೇಕು ಎಂದು ತಪ್ಪಾಗಿ ನಂಬಿಸುವುದು, ಬಿಲ್ ಕೊಡದಿರುವುದು, ದೋಷ ಇರುವ ಸಾಮಾನನ್ನು ವಾಪಸ್ ಪಡೆಯಲು ಒಪ್ಪದಿರುವುದು, ಈ ಮೂರನ್ನೂ 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. 2(47)ನೇ ಸೆಕ್ಷನ್ ಅದು. ಗಮನಿಸಿ, ‘ಮೋಸ’ ಎಂಬ ಶಬ್ದದ ಬದಲು ಬಳಸಲು ಕಾನೂನೇ ನಿಮಗೊಂದು ಶಬ್ದ ಕೊಟ್ಟಿದೆ. ‘ಅನುಚಿತ ವ್ಯಾಪಾರ ಪದ್ಧತಿಯ ಬಗ್ಗೆ ದೂರು ಕೊಟ್ಟಿದ್ದೇನೆ’ ಎಂದು ಬರೆಯಿರಿ. ದೂರು ಕೊಟ್ಟದ್ದು ನಿಜ, ಹಾಗಾಗಿ ವಾಕ್ಯವೂ ನಿಜ.

ಆಫೀಸು ಮಂಗಳೂರಿನಲ್ಲಿದೆ ಎಂದು ತಲಪಾಡಿಯ ರಾಜ್ಯ ಗಡಿ ದಾಟಬೇಕಾಗಿಲ್ಲ. ಹಳೆಯ 1986ರ ಕಾಯ್ದೆಯಲ್ಲಿ ಈ ಗಡಿ ನಮ್ಮವರನ್ನು ಬಹಳ ಗೋಳುಹೊಯ್ದಿದೆ. 2020ರ ಜುಲೈ 20ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಗ್ರಾಹಕ ತಾನು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 50 ಲಕ್ಷದವರೆಗಿನ ದೂರುಗಳನ್ನು ಅದು ಕೇಳುತ್ತದೆ. 5 ಲಕ್ಷದವರೆಗೆ ಫೀ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು, ನಿಮಗೆ ಇನ್ನೂ ಸಮಯ ಇದೆ. ಗ್ರಾಹಕ ದೂರುಗಳ ಇ-ಜಾಗೃತಿ ಪೋರ್ಟಲ್ ಮೂಲಕವೂ ಸಲ್ಲಿಸಬಹುದು. ಎಂಟು ಮನೆಯವರದ್ದೂ ಒಂದೇ ತಕರಾರು, ಹಾಗಾಗಿ ಆಯೋಗದ ಅನುಮತಿ ಪಡೆದು ಒಟ್ಟಿಗೇ ದೂರು ಕೊಡುವ ದಾರಿಯೂ ಇದೆ. ನಾನಾದರೆ ಬೇರೆ ಬೇರೆಯಾಗಿಯೇ ಕೊಡಿಸುತ್ತೇನೆ. ಎಂಟು ಜನರಲ್ಲಿ ಒಬ್ಬರು ಮಧ್ಯೆ ರಾಜಿಯಾದರೆ ಉಳಿದ ಏಳು ಜನರ ಕೆಲಸ ಕೆಡಬಾರದು.

ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎಷ್ಟೋ ಸಲ ಅಲ್ಲಿಂದ ಒಂದು ಸಂದೇಶ ಹೋದರೆ ಎತ್ತದ ಫೋನ್ ಎತ್ತಲು ಶುರುವಾಗುತ್ತದೆ. ಜಿಲ್ಲಾಧಿಕಾರಿಗೂ ಒಂದು ದೂರು ಹೋಗಲಿ. ಇದನ್ನು ಹೆಚ್ಚಿನವರು ಮರೆಯುತ್ತಾರೆ. ಗ್ರಾಹಕರಿಗೆ ಒಂದು ವರ್ಗವಾಗಿ ತೊಂದರೆ ಆಗುತ್ತಿದ್ದರೆ ಜಿಲ್ಲಾಧಿಕಾರಿಗೂ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕೂ ದೂರು ಕೊಡಬಹುದು ಎಂದು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ ಆ ಪ್ರಾಧಿಕಾರ 10 ಲಕ್ಷದವರೆಗೆ ದಂಡ ಹಾಕಬಹುದು. ಮತ್ತೆ ಮಾಡಿದರೆ 50 ಲಕ್ಷದವರೆಗೆ. ‘ಉಚಿತ ಪರೀಕ್ಷೆ’ ಎಂಬ ಅವರ ಕರಪತ್ರ ನಿಮ್ಮಲ್ಲಿದ್ದರೆ ಬಿಸಾಡಬೇಡಿ.

ವಿದ್ಯಾನಗರದ ಕಲೆಕ್ಟರೇಟಿಗೆ ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಮಲಯಾಳ ಬರೆಯಲು ಬರುವುದಿಲ್ಲ ಎಂದು ಸುಮ್ಮನೆ ಕೂತವರನ್ನು ನಾನು ಬಹಳ ನೋಡಿದ್ದೇನೆ. ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರ್ಕಾರಿ ಕಚೇರಿಗಳ ಜೊತೆ ಪತ್ರ ವ್ಯವಹಾರ ಮಾಡಬಹುದು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿದೆ. ಸಂವಿಧಾನದ 350ನೇ ವಿಧಿಯೂ ನಿಮ್ಮ ಕಡೆಗಿದೆ. ಕೌಂಟರಿನಲ್ಲಿ ಯಾರಾದರೂ ಮುಖ ಸಿಂಡರಿಸಿದರೆ ಇವೆರಡರ ಹೆಸರು ಹೇಳಿ, ಮೊಹರು ಹಾಕಿದ ರಸೀದಿ ತೆಗೆದುಕೊಂಡೇ ಬನ್ನಿ.

ದೂರು ದಾಖಲಾದ ಮೇಲೆ ನಿಮ್ಮ ಮಾತಿಗೆ ಬೇರೆಯೇ ತೂಕ ಬರುತ್ತದೆ. ಅಧಿಕಾರ ಇರುವವರಿಗೆ ಕೊಟ್ಟ ದೂರಿಗೆ ಕಾನೂನಿನ ರಕ್ಷಣೆ ಇದೆ. ಆಯೋಗದಿಂದ ಆದೇಶ ಬಂದರಂತೂ ಅದರಲ್ಲಿ ಬರೆದದ್ದನ್ನು ಇದ್ದ ಹಾಗೆ ಊರಿಗೆಲ್ಲ ಹೇಳಬಹುದು. ನಿಮ್ಮದೊಂದು ಶಬ್ದವನ್ನೂ ಸೇರಿಸದಿದ್ದರೆ ಸಾಕು.

ರಾಜಿಯ ಮಾತು ಬಂದಾಗ ಒಂದು ಜಾಗ್ರತೆ. ‘ಹಣ ಕೊಟ್ಟರೆ ಪೋಸ್ಟ್ ತೆಗೆಯುತ್ತೇವೆ, ಕೊಡದಿದ್ದರೆ ಹಾಕುತ್ತೇವೆ’ ಎಂದು ಫೋನಿನಲ್ಲಾಗಲಿ ಮೆಸೇಜಿನಲ್ಲಾಗಲಿ ಹೇಳಬೇಡಿ. ನಿಮ್ಮ ಹಣವನ್ನು ನೀವು ಕೇಳುವುದು ನ್ಯಾಯವೇ. ಆದರೆ ಮಾನಕ್ಕೆ ಹಾನಿ ಮಾಡುವ ಬೆದರಿಕೆ ಹಾಕಿ ಹಣ ಕೇಳಿದರು ಎಂದು ಅದನ್ನೇ ಸುಲಿಗೆಯ ದೂರಾಗಿ ತಿರುಗಿಸುತ್ತಾರೆ. ಹಿಂದೆ ನನ್ನ ಬಳಿ ಬಂದಿದ್ದ ಒಬ್ಬರದ್ದು ಇದೇ ಕಥೆ. ಅವರ ಮೋಟರ್ ಪಂಪು ನಿಜಕ್ಕೂ ಕೆಟ್ಟಿತ್ತು. ಆದರೆ ಅವರು ರಾತ್ರಿ ಹನ್ನೊಂದು ಗಂಟೆಗೆ ಕಳಿಸಿದ ಒಂದು ವಾಯ್ಸ್ ಮೆಸೇಜಿನಿಂದಾಗಿ ಎರಡು ವರ್ಷ ಚರ್ಚೆ ನಡೆದದ್ದು ಮೆಸೇಜಿನ ಬಗ್ಗೆ. ಪಂಪಿನ ವಿಷಯ ಯಾರಿಗೂ ನೆನಪಿರಲಿಲ್ಲ. ಮಾತುಕತೆ ಏನಿದ್ದರೂ ಹಗಲಿನಲ್ಲಿ, ಬರಹದಲ್ಲಿ ಇರಲಿ. ಹಣ ಕೊಟ್ಟು ‘ಇನ್ನು ಯಾರ ಹತ್ತಿರವೂ ಮಾತಾಡುವುದಿಲ್ಲ’ ಎಂಬ ಕಾಗದಕ್ಕೆ ಸಹಿ ಕೇಳಿದರೆ ಓದಿ, ವಕೀಲರಿಗೆ ತೋರಿಸಿ, ಆಮೇಲೆ ತೀರ್ಮಾನಿಸಿ. ಸಹಿ ಹಾಕಿದ ಮೇಲೆ ಅದಕ್ಕೆ ನೀವು ಬದ್ಧರು. ಹಣ ವಾಪಸ್ ಬಂದರೆ ‘ಇಂಥ ದಿನ ಹಣ ಮರಳಿ ಬಂತು’ ಎಂದು ನಿಮ್ಮ ಪೋಸ್ಟಿನ ಕೆಳಗೆ ಬರೆಯಿರಿ. ಅದೂ ನಡೆದದ್ದೇ ತಾನೇ.

ಇನ್ನು ಹುಡುಗರ ಯೋಜನೆ. ಮೆಷಿನನ್ನು ಗೋಡೆಯಿಂದ ಬಿಚ್ಚಬೇಡಿ, ಮಂಗಳೂರಿಗಂತೂ ಹೊರಬೇಡಿ. ದೋಷ ಗೊತ್ತಾಗಲು ಆಯೋಗ ಅದನ್ನು ಪರೀಕ್ಷೆಗೆ ಕಳಿಸಬಹುದು. ಬಿಚ್ಚಿದರೆ ‘ಇವರೇ ಹಾಳು ಮಾಡಿದ್ದು’ ಎನ್ನುತ್ತಾರೆ. ಸೀರಿಯಲ್ ನಂಬರ್ ಕಾಣುವ ಹಾಗೆ ಫೋಟೋ ತೆಗೆಯಿರಿ, ಆ ಚೀಟಿಯ ಎರಡೂ ಬದಿಯ ಫೋಟೋ ತೆಗೆಯಿರಿ, ಹಣ ಕಳಿಸಿದ್ದು ಫೋನಿನಲ್ಲಾದರೆ ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆಸಿ. ಪ್ಲಗ್ ಮಾತ್ರ ಕಿತ್ತಿಡಿ. ಕುಡಿಯುವ ನೀರನ್ನು ಸದ್ಯಕ್ಕೆ ಕುದಿಸಿಯೇ ಕುಡಿಯಿರಿ.